ಮೆಲ್ಲಿ ಕಟ್ಟಿದ ಹಲ್ಲು

ಮೊದಲ ಸಲ ಅದು ಬಂದಾಗ ಮೆಲ್ಲಿ ಮೇಣದಲ್ಲಿ ಒಂದು ಹಲ್ಲು ಕೆತ್ತುತ್ತಿದ್ದಳು.

ದಂತವೈದ್ಯ ಓದುವವರಿಗೆಲ್ಲ ಆ ಕೆಲಸ ಇರುತ್ತದೆ. ಸೋಪಿನ ಬಿಲ್ಲೆಯಂಥ ಮೇಣದ ತುಂಡು ಕೈಗೆ ಕೊಟ್ಟು, ಇದರೊಳಗಿಂದ ಒಂದು ದವಡೆಹಲ್ಲು ತೆಗೆಯಿರಿ ಎನ್ನುತ್ತಾರೆ. ಮೆಲ್ಲಿಗೆ ಅದು ಇಷ್ಟದ ಕೆಲಸ. ಮಧ್ಯಾಹ್ನದ ಬಿಸಿಲು ಉದ್ದನೆಯ ಮೇಜಿನ ಮೇಲೆ ಮಲಗಿತ್ತು. ಮೇಣದ ಸಿಪ್ಪೆ ಸುರುಳಿ ಸುರುಳಿಯಾಗಿ ಅವಳ ಮಡಿಲಿಗೆ ಉದುರುತ್ತಿತ್ತು. ಆಗ ಇದ್ದಕ್ಕಿದ್ದ ಹಾಗೆ, ಕೆತ್ತುತ್ತಿದ್ದ ಕೈಗಳು ತನ್ನವು ಅನ್ನಿಸಲಿಲ್ಲ. ಅವು ಯಾರೋ ಇಬ್ಬರು ಅಪರಿಚಿತರಂತೆ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಪಕ್ಕದ ಹುಡುಗಿ ಏನೋ ಕೇಳಿದಳು. ಮಾತು ನೀರಿನಡಿಯಿಂದ ಬಂತು. ಮೆಲ್ಲಿ ಉತ್ತರವನ್ನೂ ಕೊಟ್ಟಳು. ಕೊಟ್ಟವಳು ತಾನೇ ಹೌದೋ ಅಲ್ಲವೋ ಎಂದು ಮಾತ್ರ ತಿಳಿಯಲಿಲ್ಲ.

ಆ ಹಲ್ಲು ಇಡೀ ತರಗತಿಯಲ್ಲೇ ಚೆನ್ನಾಗಿ ಬಂದಿತ್ತು. ಮೇಷ್ಟ್ರು ಎತ್ತಿ ಎಲ್ಲರಿಗೂ ತೋರಿಸಿದರು.

ಮೆಲ್ಲಿ ಎನ್ನುವುದು ಅಮ್ಮ ಇಟ್ಟ ಅಡ್ಡಹೆಸರು. ಹುಡುಗಿ ಹುಟ್ಟಿದಾಗಿನಿಂದ ಎಲ್ಲದರಲ್ಲೂ ನಿಧಾನ. ಮೆಲ್ಲಗೆ ತಿನ್ನುವಳು, ಮೆಲ್ಲಗೆ ನಡೆಯುವಳು, ಇವಳು ಉತ್ತರ ಕೊಡುವಷ್ಟರಲ್ಲಿ ಕೇಳಿದವರು ಪ್ರಶ್ನೆ ಮರೆತಿರುತ್ತಿದ್ದರು. ಅಪ್ಪ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ವರ್ಷಕ್ಕೊಮ್ಮೆ ನೆಂಟರ ಹಾಗೆ ಬಂದು ಹೋಗುವರು. ಅಮ್ಮ ಮತ್ತು ಚಿಕ್ಕಮ್ಮ ಸೇರಿ ಒಂದು ಲಾಂಡ್ರಿ ನಡೆಸುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಇಸ್ತ್ರಿಯ ಆವಿ ಮೆಟ್ಟಿಲು ಹತ್ತಿ ಮೇಲಕ್ಕೂ ಬರುತ್ತಿತ್ತು. ಬೆಳಗ್ಗೆ ಎದ್ದರೆ ಕನ್ನಡಿಯ ಮೇಲೆ ಮಂಜು, ಗಂಜಿಯ ವಾಸನೆ, ಕೆಳಗೆ ಅಕ್ಕತಂಗಿಯರ ಜಗಳ. ಮೆಲ್ಲಿ ಆ ಮಂಜಿನಲ್ಲೇ ಬೆಳೆದವಳು. ಆದ್ದರಿಂದ ಅವಳು ಸುಮ್ಮನೆ ನಿಂತು ಎತ್ತಲೋ ನೋಡುತ್ತಿದ್ದರೆ ಮನೆಯಲ್ಲಿ ಯಾರಿಗೂ ಹೊಸದೆನಿಸಲಿಲ್ಲ. "ಎಲ್ಲಿದೆಯೇ ಜ್ಞಾನ?" ಎಂದು ಚಿಕ್ಕಮ್ಮ ಬೆನ್ನಿಗೆ ಒಂದು ತಟ್ಟಿ ಹೋಗುವಳು, ಅಷ್ಟೆ.

ಆಮೇಲೆ ಅದು ಪದೇ ಪದೇ ಬಂತು. ಹಲ್ಲುಜ್ಜುವಾಗ ಬಂತು. ಬಸ್ಸಿಗೆ ಕಾಯುವಾಗ ಬಂತು. ಬೀದಿ, ಮರ, ಬಸ್ಸಿನ ಕೆಂಪು, ಎಲ್ಲವೂ ಇದ್ದಲ್ಲೇ ಇತ್ತು, ಆದರೆ ಯಾರೋ ಬಹಳ ಮುತುವರ್ಜಿಯಿಂದ ಮಾಡಿಟ್ಟ ನಕಲಿನಂತೆ ಇತ್ತು. ರಾತ್ರಿ ನಿದ್ದೆ ಬಾರದು, ಹಗಲು ಎಚ್ಚರ ಬಾರದು. ಯಾರಿಗೆ ಹೇಳುವುದು? ಜ್ವರ ಬಂದರೆ ಹಣೆ ಮುಟ್ಟಿ ನೋಡಬಹುದು. ಎದುರಿಗೇ ನಿಂತುಕೊಂಡು ‘ನಾನು ಇಲ್ಲಿಲ್ಲ’ ಎಂದರೆ ಯಾರು ನಂಬುತ್ತಾರೆ?

ಹಾಗಿರುವಾಗಲೇ ಕ್ಲಿನಿಕ್ಕಿನ ದಿನಗಳು ಶುರುವಾದವು. ಇನ್ನು ಮೇಣವಲ್ಲ, ಮನುಷ್ಯರು. ಪ್ರತಿಯೊಬ್ಬರೂ ಹಲ್ಲೆಲ್ಲ ಬಿದ್ದುಹೋದ ಒಬ್ಬರಿಗೆ ಪೂರ್ತಿ ಸೆಟ್ಟು ಕಟ್ಟಿಕೊಡಬೇಕು. ಮೆಲ್ಲಿಯ ಪಾಲಿಗೆ ಬಂದವರು ನಿವೃತ್ತ ಬಸ್ ಕಂಡಕ್ಟರು. ಬೋಳು ವಸಡು, ಗುಳಿಬಿದ್ದ ಕೆನ್ನೆ, ಕಣ್ಣಲ್ಲಿ ಮಾತ್ರ ತುಂಟತನ. ಅವರು ಕುರ್ಚಿಯಲ್ಲಿ ಕುಳಿತವರೇ, "ಹಲ್ಲಿದ್ದಾಗ ಕಡಲೆ ಇರ್ಲಿಲ್ಲ ಮಗಳೇ. ಈಗ ಕಡಲೆ ಇದೆ. ನೀನು ಹಲ್ಲು ಕೊಟ್ಟುಬಿಟ್ರೆ ಗಾದೆಗೇ ಸೋಲು," ಎಂದರು. ಹಲ್ಲಿಲ್ಲದ ಬಾಯಿಯಲ್ಲಿ ‘ಸೋಲು’ ಎನ್ನುವುದು ‘ಥೋಲು’ ಆಗಿ ಬಂತು.

ಮೊದಲ ಕೆಲಸ ವಸಡಿನ ಅಚ್ಚು ತೆಗೆಯುವುದು. ಗುಲಾಬಿ ಬಣ್ಣದ ಹಿಟ್ಟನ್ನು ಕಲಸಿ, ಟ್ರೇಯಲ್ಲಿ ತುಂಬಿ, ಬಾಯೊಳಗೆ ಒತ್ತಿ, ಗಟ್ಟಿಯಾಗುವ ತನಕ ಹಿಡಿದುಕೊಂಡಿರಬೇಕು. ಮೆಲ್ಲಿ ಕಲಸಿದಳು, ತುಂಬಿದಳು, ಒತ್ತಿದಳು. ಅಷ್ಟರಲ್ಲಿ ದೀಪದ ಬೆಳಕು ದೂರ ಸರಿಯಿತು. ಅಜ್ಜನ ಮುಖ ಒಂದು ಚಿತ್ರವಾಯಿತು. ಮುಂದೆ ಏನಾಯಿತೆಂದು ಅವಳಿಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಹೊರಗಿನ ಪಡಸಾಲೆಯ ದೊಡ್ಡ ಗಾಜಿನ ಕಿಟಕಿ. ಆಚೆ ಕಡೆ ಹಗ್ಗದಲ್ಲಿ ತೂಗಾಡುತ್ತ ಒಬ್ಬ ಗಾಜು ಒರೆಸುತ್ತಿದ್ದ. ಸೋಪಿನ ನೊರೆಯಲ್ಲಿ ಅವನ ಕೈ ಬೀಸಿದಲ್ಲೆಲ್ಲ ಒಂದೊಂದು ಕಮಾನು ತೆರೆದುಕೊಳ್ಳುತ್ತಿತ್ತು, ಕಮಾನಿನೊಳಗೆ ಆಕಾಶ ಕಾಣಿಸುತ್ತಿತ್ತು. ಮೆಲ್ಲಿ ಅದನ್ನೇ ನೋಡುತ್ತ ನಿಂತಿದ್ದಳು.

ಒಳಗೆ ಕಂಡಕ್ಟರಜ್ಜ ಬಾಯಿ ತುಂಬ ಗಟ್ಟಿಯಾದ ಹಿಟ್ಟು ಇಟ್ಟುಕೊಂಡು, ಎರಡೂ ಕೈ ಎತ್ತಿ, ಬಸ್ಸು ನಿಲ್ಲಿಸುವವರ ಹಾಗೆ ಸನ್ನೆ ಮಾಡುತ್ತಿದ್ದರು. ಕ್ಲಿನಿಕ್ಕಿನ ಮೇಷ್ಟ್ರು ಓಡಿಬಂದು ಟ್ರೇ ಎಳೆದು ತೆಗೆದರು.

ಮೇಷ್ಟ್ರು ಬೈಯುವವರಲ್ಲ. ಅವಳನ್ನು ತಮ್ಮ ಕೋಣೆಗೆ ಕರೆದು, ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ, "ಅಚ್ಚೇನೋ ಚೆನ್ನಾಗೇ ಬಂದಿದೆ," ಎಂದರು. ಆಮೇಲೆ ಕೇಳಿದರು, "ಏನಾಯ್ತು?"

"ಗೊತ್ತಿಲ್ಲ ಸರ್."

"ನೋಡಮ್ಮ, ನನಗೆ ಗೊತ್ತಿರೋದು ಹಲ್ಲು. ಇಂಥದ್ದು ಗೊತ್ತಿರೋರು ಗ್ರಂಥಾಲಯದ ಮೇಲಿನ ಮಹಡೀಲಿ ಇದಾರೆ. ಅಲ್ಲಿ ಹೋಗಿ ಮಾತಾಡು. ಅಲ್ಲೀವರೆಗೂ ರೋಗಿಗಳನ್ನ ಮುಟ್ಟೋದು ಬೇಡ. ಇದು ಶಿಕ್ಷೆ ಅಲ್ಲ."

ಶಿಕ್ಷೆ ಅಲ್ಲ ಎಂದು ಹೇಳಿದ್ದೆಲ್ಲ ಕೇಳುವವರಿಗೆ ಶಿಕ್ಷೆಯೇ. ಮೆಲ್ಲಿ ಆ ವಾರವಿಡೀ ಕಾಲೇಜಿಗೆ ಹೋಗುತ್ತೇನೆಂದು ಹೊರಟು, ಉದ್ಯಾನದ ಬೆಂಚಿನ ಮೇಲೆ ಕುಳಿತು ಬಂದಳು. ಅಲ್ಲಿ ಎಲೆಗಳು ಸದ್ದಿಲ್ಲದೆ ಬೀಳುತ್ತಿದ್ದವು. ಒಂದು ದಿನ ಬೆಂಚಿಗೆ ಹೊಸದಾಗಿ ಬಣ್ಣ ಹೊಡೆದಿದ್ದರು, ಕೂರಲು ಜಾಗವಿರಲಿಲ್ಲ. ಬೇರೆಲ್ಲಿಗೆ ಹೋಗುವುದೆಂದು ತೋಚದೆ ಅವಳು ಗ್ರಂಥಾಲಯದ ಮೆಟ್ಟಿಲು ಹತ್ತಿದಳು.

ಮೇಲಿನ ಮಹಡಿಯಲ್ಲಿ, ಹಳೆಯ ಭೂಪಟಗಳ ಬೀರುಗಳನ್ನು ದಾಟಿದರೆ ಒಂದು ಸಣ್ಣ ಕೋಣೆ. ಒಳಗೆ ಐವತ್ತರ ಆಸುಪಾಸಿನ ಎತ್ತರದ ಹೆಂಗಸು ಮೇಜಿನ ಕೆಳಗೆ ತಲೆ ಹಾಕಿ ಏನೋ ಹುಡುಕುತ್ತಿದ್ದರು. ಒಂದು ಕನ್ನಡಕ ತಲೆಯ ಮೇಲಿತ್ತು, ಇನ್ನೊಂದು ಕೊರಳಲ್ಲಿ ತೂಗುತ್ತಿತ್ತು. ಹುಡುಕುತ್ತಿದ್ದದ್ದು ಮೂರನೆಯದನ್ನು. ಮಾನಸಿಕ ತೊಂದರೆ ಇರುವ ವಿದ್ಯಾರ್ಥಿಗಳಿಗೆಂದೇ ವಿಶ್ವವಿದ್ಯಾಲಯ ನೇಮಿಸಿದ ಮೆಂಟರ್ ಅವರು. ಓದಿನ ದಾರಿಯಲ್ಲಿ ಇಂಥವರ ಜೊತೆ ನಡೆಯುವುದೇ ಅವರ ಉದ್ಯೋಗ.

"ಬಾಮ್ಮ, ಕೂತ್ಕೋ. ಆ ಕುರ್ಚಿ ಕಿರುಗುಟ್ಟುತ್ತೆ. ಇರಲಿ ಬಿಡು, ನಾವಿಬ್ಬರೂ ಸುಮ್ಮನಿದ್ದಾಗ ಅದಾದ್ರೂ ಮಾತಾಡುತ್ತೆ."

"ಮೇಡಂ, ನಾನು..."

"ಮೇಡಂ ಅಂದ್ರೆ ನಾನೇನೋ ಪರೀಕ್ಷೆ ಪೇಪರ್ ತಿದ್ದೋಳು ಅನ್ಸುತ್ತೆ. ಇಲ್ಲಿ ಎಲ್ರೂ ಅಕ್ಕ ಅನ್ನೋದು."

ಮೆಲ್ಲಿ ಕುಳಿತಳು. ಏನಾಗಿದೆ ಎಂದು ಅಕ್ಕ ಕೇಳಲಿಲ್ಲ. ಹೇಗೆ ಬಂದೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಕ್ಕಿತಾ, ಬೆಳಗ್ಗೆ ಏನು ತಿಂದೆ, ಇಂಥವೇ ಪ್ರಶ್ನೆಗಳು. ಮೆಲ್ಲಿ ಒಂದೊಂದಕ್ಕೂ ತನ್ನ ನಿಧಾನದಲ್ಲಿ ಉತ್ತರ ಕೊಟ್ಟಳು. ಅಕ್ಕನಿಗೆ ಅವಸರವಿರಲಿಲ್ಲ. ಪ್ರಶ್ನೆ ಮರೆಯಲೂ ಇಲ್ಲ. ಕುರ್ಚಿ ಆಗಾಗ ತನ್ನ ಮಾತು ಸೇರಿಸುತ್ತಿತ್ತು. ಕೊನೆಗೆ ಮೆಲ್ಲಿಯೇ ಕೇಳಿದಳು.

"ಅಕ್ಕ, ನಾನು ಇಲ್ಲಿ ಕೂತಿದೀನಿ ಅಂತ ನಿಮಗೆ ಅನ್ಸುತ್ತಾ?"

"ಅನ್ಸುತ್ತೆ. ನಿನಗೆ?"

"ನನಗೆ ಅನ್ಸಲ್ಲ."

ಅಕ್ಕ ನಗಲಿಲ್ಲ, ಕಣ್ಣೂ ಅಗಲಿಸಲಿಲ್ಲ. "ಯಾವಾಗಿಂದ?" ಎಂದರು. ಮೆಲ್ಲಿ ಮೇಣದ ಹಲ್ಲಿನಿಂದ ಹಿಡಿದು ಗಾಜು ಒರೆಸುವವನ ತನಕ ಹೇಳಿದಳು. ಹೇಳುತ್ತ ಹೇಳುತ್ತ ಅಳು ಬಂತು. ಆ ಅಳು ಕೂಡ ಪಕ್ಕದ ಮನೆಯವರದ್ದೇನೋ ಅನ್ನಿಸಿತು, ಅದನ್ನೂ ಹೇಳಿದಳು.

"ಇದಕ್ಕೊಂದು ಹೆಸರಿದೆ," ಎಂದರು ಅಕ್ಕ. "ಅದನ್ನ ಡಾಕ್ಟರೇ ಹೇಳಬೇಕು, ನಾನು ಡಾಕ್ಟರಲ್ಲ. ನಾಳೆನೇ ಅವರನ್ನ ನೋಡೋಣ, ಬೇಕಾದ್ರೆ ಬಾಗಿಲವರೆಗೂ ನಾನೂ ಬರ್ತೀನಿ. ಆದ್ರೆ ಇಷ್ಟು ಹೇಳಬಲ್ಲೆ, ನಿನಗೊಬ್ಬಳಿಗೇ ಬಂದಿರೋದಲ್ಲ. ನಿನಗಿಂತ ಮುಂಚೆ ಆ ಕುರ್ಚೀಲಿ ಕೂತೋರೂ ಇದೇ ಮಾತು ಹೇಳಿದಾರೆ."

"ಯಾರು?"

"ಅದನ್ನ ಹೇಳೋ ಹಾಗಿಲ್ಲ. ನಿನ್ನ ಬಗ್ಗೆಯೂ ಯಾರಿಗೂ ಹೇಳಲ್ಲ, ನಿನ್ನ ಪ್ರಾಣಕ್ಕೆ ಅಪಾಯ ಅಂತ ಅನ್ನಿಸಿದ್ರೆ ಮಾತ್ರ ಬೇರೆ."

ಡಾಕ್ಟರು ಪರೀಕ್ಷೆ ಮಾಡಿ ಉದ್ದನೆಯ ಹೆಸರೊಂದನ್ನು ಹೇಳಿದರು. ಹುಚ್ಚಲ್ಲ ಎಂದರು. ಭಯ ಹೆಚ್ಚಾಗಿ, ನಿದ್ದೆ ಕೆಟ್ಟು, ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತಿದೆ, ಮತ್ತೆ ಮುಂದೆ ಬರಲು ಅದಕ್ಕೆ ಧೈರ್ಯ ಬೇಕು ಎಂದರು. ವಾರಕ್ಕೊಮ್ಮೆ ಅವರ ಬಳಿ ಚಿಕಿತ್ಸೆ, ವಾರಕ್ಕೊಮ್ಮೆ ಅಕ್ಕನ ಬಳಿ ಓದಿನ ಮಾತು, ಎಂದು ಗೊತ್ತಾಯಿತು.

ಅಕ್ಕನ ಕೋಣೆಯಲ್ಲಿ ನಡೆಯುತ್ತಿದ್ದದ್ದು ದೊಡ್ಡ ಮಾತೇನಲ್ಲ. ಈ ವಾರ ಯಾವ ಪಾಠ ಬಿಟ್ಟುಹೋಗಿದೆ, ಅದರಲ್ಲಿ ಯಾವುದನ್ನು ಮೊದಲು ಹಿಡಿಯುವುದು, ಯಾವುದನ್ನು ಈ ವರ್ಷ ಬಿಟ್ಟೇಬಿಡುವುದು. ರಾತ್ರಿ ಓದುವುದನ್ನು ಬೆಳಗ್ಗೆಗೆ ತಳ್ಳಿದರು. ಎಲ್ಲ ವಿಷಯ ಒಟ್ಟಿಗೆ ತೆಗೆದುಕೊಳ್ಳದೆ ಕೊನೆಯ ವರ್ಷಗಳನ್ನು ಸ್ವಲ್ಪ ಹಿಗ್ಗಿಸಿಕೊಳ್ಳಬಹುದೇ ಎಂದು ಮೆಲ್ಲಿಯ ಒಪ್ಪಿಗೆ ಪಡೆದು ಮೇಷ್ಟ್ರ ಹತ್ತಿರ ಮಾತಾಡಿದರು. ಒಂದು ದಿನ ಮೆಲ್ಲಿ, "ದಿನವಿಡೀ ನಾನು ಇದೀನಾ ಇಲ್ವಾ ಅಂತ ನೋಡ್ಕೊಳ್ತಾನೇ ಇರ್ತೀನಿ ಅಕ್ಕ," ಎಂದಾಗ ಅಕ್ಕ ಕೇಳಿದರು:

"ಅಲ್ಲಾಡೋ ಹಲ್ಲಿದ್ರೆ ನಾಲಿಗೆ ಏನು ಮಾಡುತ್ತೆ?"

"ಅಲ್ಲೇ ಹೋಗಿ ಹೋಗಿ ಮುಟ್ಟುತ್ತೆ."

"ಮುಟ್ಟಿದ್ರೆ?"

"ಇನ್ನೂ ಅಲ್ಲಾಡುತ್ತೆ." ಮೆಲ್ಲಿ ಹೇಳಿ, ತಡವಾಗಿ, ನಕ್ಕಳು.

"ನಿಮ್ಮ ಶಾಸ್ತ್ರ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನಾಲಿಗೇನ ಬೈಯಬೇಡ. ಅದಕ್ಕೆ ಬೇರೆ ಕೆಲಸ ಕೊಡು. ಮೇಣ ಬೆಚ್ಚಗಿದೆಯಾ? ಚಾಕು ತಣ್ಣಗಿದೆಯಾ? ಅದನ್ನ ನೋಡು."

ಎಲ್ಲವೂ ಮುಂದೆ ಸಾಗಿತು, ಕ್ಲಿನಿಕ್ಕು ಮಾತ್ರ ಸಾಗಲಿಲ್ಲ. ಅದರ ಬಾಗಿಲ ತನಕ ಹೋಗಿ ಮೆಲ್ಲಿ ಹಿಂದಿರುಗಿಬಿಡುತ್ತಿದ್ದಳು. ಕೊನೆಗೆ ಅಕ್ಕ ಮೇಷ್ಟ್ರನ್ನು ಕೇಳಿ, ರೋಗಿಗಳಿಲ್ಲದ ಒಂದು ರಜೆಯ ಮಧ್ಯಾಹ್ನ ಬೀಗದ ಕೈ ತಂದರು.

ಖಾಲಿ ಕ್ಲಿನಿಕ್ಕು ಎಂಥ ಜಾಗ! ಸಾಲು ಸಾಲು ಕುರ್ಚಿಗಳು ಹಿಂದಕ್ಕೆ ಒರಗಿ ನಿದ್ದೆಹೋಗಿದ್ದವು. ಕಿಟಕಿಯ ಪಟ್ಟಿಪರದೆಯಿಂದ ಬಿಸಿಲು ನೆಲದ ಮೇಲೆ ಗೆರೆಗೆರೆಯಾಗಿ ಬಿದ್ದಿತ್ತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಲವಂಗದೆಣ್ಣೆಯ ವಾಸನೆ ಗಾಳಿಯಲ್ಲಿ ನಿಂತೇ ಇತ್ತು. ಮೆಲ್ಲಿ ಆ ಗೆರೆಗಳನ್ನು ಒಂದೊಂದಾಗಿ ದಾಟಿಕೊಂಡು ತನ್ನ ಕುರ್ಚಿಯ ಹತ್ತಿರ ಹೋದಳು. ಹಿಂದಿನಿಂದ ಹೆಜ್ಜೆಯ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲೇ ನಿಂತಿದ್ದರು. ಹಣೆಯಲ್ಲಿ ಬೆವರು.

"ಏನಕ್ಕ?"

"ಏನಿಲ್ಲ. ನನಗೆ ಹಲ್ಲಿನ ಡಾಕ್ಟರು ಅಂದ್ರೆ... ಚಿಕ್ಕಂದಿನಿಂದ. ವಾಸನೆ ಬಂದ್ರೆ ಸಾಕು, ಬಂದ ದಾರೀಲೇ ಓಡಿಹೋಗೋಣ ಅನ್ಸುತ್ತೆ. ಬರ್ತೀನಿ ಇರು."

ಅಕ್ಕ ಬಂದು ಕುರ್ಚಿಯಲ್ಲಿ ಕುಳಿತರು. ಕೈಗಳು ಎರಡೂ ಬದಿಯನ್ನು ಗಟ್ಟಿಯಾಗಿ ಹಿಡಿದಿದ್ದವು. ಮೆಲ್ಲಿ ತನ್ನ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. "ಇದು ಬರೀ ಕನ್ನಡಿ ಅಕ್ಕ. ಮುಟ್ಟಿ ನೋಡಿ. ತಣ್ಣಗಿದೆ ಅಷ್ಟೆ. ಇದು ಗಾಳಿ ಊದೋದು, ಕೈಮೇಲೆ ಬಿಡ್ತೀನಿ ನೋಡಿ. ಇದನ್ನ ಒತ್ತಿದ್ರೆ ಕುರ್ಚಿ ಕೆಳಗೆ ಹೋಗುತ್ತೆ, ಹೇಳದೆ ಒತ್ತಲ್ಲ. ಬೇಡ ಅನ್ಸಿದ್ರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸ್ತೀನಿ." ಮಾತು ಅವಳ ಬಾಯಿಂದ ಮೆಲ್ಲಗೆ, ಒಂದಾದ ಮೇಲೊಂದು ಬರುತ್ತಿತ್ತು. ಹೆದರಿದವರ ಹತ್ತಿರ ಆಡಲು ಅಷ್ಟು ಸೊಗಸಾದ ದನಿ ಬೇರಿಲ್ಲ. ಅಕ್ಕನ ಬೆರಳುಗಳು ಸಡಿಲವಾದವು. ಕುರ್ಚಿ ಹಿಂದಕ್ಕೆ ಒರಗಿತು. ಬಾಯಿ ತೆರೆದು ತೋರಿಸುವಷ್ಟು ಧೈರ್ಯವೂ ಬಂತು. ಮೇಲಿನ ದವಡೆಯಲ್ಲಿ ಒಂದು ಹುಳುಕು ಕಂಡಿತು, ಮೆಲ್ಲಿ ಅದನ್ನು ಹೇಳಿದಳು, ಅಕ್ಕ ಕಣ್ಣು ಮುಚ್ಚಿಕೊಂಡು "ಗೊತ್ತು, ಗೊತ್ತು," ಎಂದು ನರಳಿದರು.

ಹೊರಗೆ ಬಂದು ಬೀಗ ಹಾಕುವಾಗ ಮೆಲ್ಲಿಗೆ ಹೊಳೆಯಿತು. ಒಳಗಿದ್ದಷ್ಟು ಹೊತ್ತು ತಾನು ಇದ್ದೇನೆಯೇ ಎಂದು ನೋಡಿಕೊಳ್ಳುವುದೇ ಮರೆತುಹೋಗಿತ್ತು.

"ಅಕ್ಕ, ನಿಜ ಹೇಳಿ. ನನಗೋಸ್ಕರ ನಾಟಕ ಮಾಡಿದ್ರಾ?"

"ನಾಟಕ ಆಗಿದ್ರೆ ಈ ರವಿಕೆ ಇಷ್ಟು ಒದ್ದೆ ಆಗ್ತಿತ್ತಾ?" ಎಂದು ಅಕ್ಕ ಬೆನ್ನು ತೋರಿಸಿದರು.

ಡಾಕ್ಟರು ಒಪ್ಪಿದ ಮೇಲೆ ಮೇಷ್ಟ್ರು ಮೆಲ್ಲಿಗೆ ಮತ್ತೆ ರೋಗಿಗಳನ್ನು ಮುಟ್ಟಲು ಬಿಟ್ಟರು. ಕಂಡಕ್ಟರಜ್ಜ ಮತ್ತೆ ಬರುತ್ತಾರೆಂದು ಅವಳು ಎಣಿಸಿರಲಿಲ್ಲ. ಮೇಷ್ಟ್ರು ಫೋನ್ ಮಾಡಿ, ಬೇರೆ ವಿದ್ಯಾರ್ಥಿಗೆ ಕೊಡಲೇ ಎಂದು ಕೇಳಿದ್ದರಂತೆ. ಅಜ್ಜ ಬೇಡವೆಂದರಂತೆ. ಕುರ್ಚಿಯಲ್ಲಿ ಕುಳಿತ ಅವರ ಮುಂದೆ ಮೆಲ್ಲಿ ತಲೆ ತಗ್ಗಿಸಿ ನಿಂತಳು. "ಅಜ್ಜ, ಅವತ್ತು ನಿಮ್ಮನ್ನ ಬಿಟ್ಟುಹೋದೆ. ತಪ್ಪಾಯ್ತು. ನನಗೆ ಒಂದು ತೊಂದರೆ ಇದೆ. ಕೆಲವು ಸಲ ಎಲ್ಲಾ ದೂರ ಹೋದ ಹಾಗಾಗುತ್ತೆ. ಚಿಕಿತ್ಸೆ ನಡೀತಿದೆ. ಹಾಗಾದ್ರೆ ನಾನು ಕೈಯಲ್ಲಿರೋದನ್ನ ಕೆಳಗಿಟ್ಟು ಒಂದು ನಿಮಿಷ ಅಂತೀನಿ, ಸರ್ ಬಂದು ನಿಲ್ತಾರೆ. ನಿಮಗೆ ಕೋಪ ಇದ್ರೆ..."

"ಹಲ್ಲಿಲ್ಲದವನ ಕೋಪಕ್ಕೆ ಕಚ್ಚೋಕೆ ಬರುತ್ತಾ? ಕೂತ್ಕೋ ಮಗಳೇ."

ಅಂದೇ ಅದು ಬಂತು. ಮುಂದೆ ಹಲ್ಲು ನೆಡಬೇಕಾದ ಮೇಣದ ದಿಂಡನ್ನು ಅಜ್ಜನ ವಸಡಿಗೆ ಹೊಂದಿಸುತ್ತಿದ್ದಾಗ ದೀಪ ದೂರ ಸರಿಯತೊಡಗಿತು. ಮೆಲ್ಲಿ ದಿಂಡನ್ನು ತಟ್ಟೆಯಲ್ಲಿಟ್ಟಳು. "ಒಂದು ನಿಮಿಷ," ಎಂದಳು. ಮೇಷ್ಟ್ರು ಎರಡು ಕುರ್ಚಿ ಆಚೆಯಿಂದ ಸದ್ದಿಲ್ಲದೆ ಬಂದು ನಿಂತರು.

ಅಜ್ಜ ಬಾಯಿ ಒರೆಸಿಕೊಳ್ಳುತ್ತ ಹೇಳಿದರು. "ಬಸ್ಸಲ್ಲೂ ಹೀಗೇ. ಅರ್ಧ ದಾರೀಲಿ ಯಾರಿಗೋ ಹೊಟ್ಟೆ ತೊಳೆಸುತ್ತೆ. ಇಳಿದು ಬಾಮ್ಮ ಅಂತಿದ್ದೆ. ಬಸ್ಸು ಎಲ್ಲಿ ಹೋಗುತ್ತೆ? ಸೀಟಿ ನನ್ನ ಹತ್ರ ಇತ್ತಲ್ಲ."

ಮೆಲ್ಲಿ ಕಿಟಕಿಗೆ ಹೋಗಲಿಲ್ಲ. ಸಿಂಕಿನಲ್ಲಿ ಕೈ ತೊಳೆದಳು. ನೀರು ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ ಬಂತು. ಬೆರಳು, ಬೆರಳ ಸಂದು, ಮಣಿಕಟ್ಟು. ದೂರ ಹೋದದ್ದು ಪೂರ್ತಿ ಹತ್ತಿರ ಬರಲಿಲ್ಲ, ಆದರೆ ಕೆಲಸಕ್ಕೆ ಸಾಕಾಗುವಷ್ಟು ಬಂತು. ಅವಳು ಹಿಂದಿರುಗಿ ಸ್ಟೂಲಿನ ಮೇಲೆ ಕುಳಿತಳು.

ಇಷ್ಟರಲ್ಲಿ ಊರ ಬಾಯಿ ತನ್ನ ಕೆಲಸ ಮಾಡಿತ್ತು. ಗ್ರಂಥಾಲಯದ ಗುಮಾಸ್ತರೊಬ್ಬರು ಕೋಟು ಇಸ್ತ್ರಿಗೆ ಕೊಡಲು ಬಂದವರು ಚಿಕ್ಕಮ್ಮನ ಹತ್ತಿರ, ನಿಮ್ಮ ಹುಡುಗಿ ಆಗಾಗ ಮೇಲಿನ ಮಹಡಿಗೆ ಬರುತ್ತಾಳಲ್ಲ, ಈಗ ಹುಷಾರೇ, ಎಂದು ಕೇಳಿದರು. ಚಿಕ್ಕಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಇಸ್ತ್ರಿ ಆರುವುದರೊಳಗೆ ಅಮ್ಮನ ಕಿವಿಗೆ ಬಿತ್ತು. ಅಮ್ಮ ಯಾರಿಗೂ ಹೇಳದೆ ಮರುದಿನ ಒಳ್ಳೆಯ ಸೀರೆ ಉಟ್ಟು ಗ್ರಂಥಾಲಯದ ಮೆಟ್ಟಿಲು ಹತ್ತಿದಳು.

ಸಂಜೆ ಮೆಲ್ಲಿ ಮನೆಗೆ ಬಂದಾಗ ಅಂಗಡಿಯಲ್ಲಿ ದೊಡ್ಡ ಇಸ್ತ್ರಿ ಯಂತ್ರ ಓಡುತ್ತಿತ್ತು. ಆವಿಯ ನಡುವೆ ಅಮ್ಮನ ಮುಖ ಕಾಣುತ್ತ ಮರೆಯಾಗುತ್ತಿತ್ತು. ಚಿಕ್ಕಮ್ಮ ಎಂದೂ ಇಲ್ಲದಷ್ಟು ಶ್ರದ್ಧೆಯಿಂದ ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು.

"ನಿಮ್ಮ ಆ ಅಕ್ಕನ್ನ ನೋಡ್ಕೊಂಡು ಬಂದೆ," ಎಂದಳು ಅಮ್ಮ.

"ಏನು ಹೇಳಿದ್ರು?"

"ಏನೂ ಇಲ್ಲ. ಕುಡಿಯೋಕೆ ನೀರು ಕೊಟ್ಟಳು, ಮಾತು ಕೊಡಲಿಲ್ಲ. ನನ್ನ ಮಗಳು ಇಲ್ಲಿಗೆ ಬರ್ತಾಳಾ ಅಂದ್ರೆ, ಯಾರು ಬರ್ತಾರೆ ಅಂತ ಹೇಳೋ ಹಾಗಿಲ್ಲಮ್ಮ ಅಂದ್ಳು. ನಾನು ಹೆತ್ತೋಳು ಅಂದೆ. ಅದಕ್ಕೇ ಮಗಳನ್ನೇ ಕೇಳಿ, ಅಂದ್ಳು. ನನಗೆಷ್ಟು ಸಿಟ್ಟು ಬಂತು ಗೊತ್ತಾ?" ಅಮ್ಮ ಒಂದು ದಿಂಬಿನ ಚೀಲವನ್ನು ಕೊಡವಿದಳು. "ಬರೋವಾಗ ಮೆಟ್ಟಿಲ ಮೇಲೆ ಯೋಚನೆ ಮಾಡಿದೆ. ನನಗೇ ಬಾಯಿ ಬಿಡದ ಆ ಅಕ್ಕ ಊರಿಗೆ ಬಿಡ್ತಾಳಾ? ಒಳ್ಳೇದೇ ಆಯ್ತು. ಈಗ ನಿನ್ನನ್ನೇ ಕೇಳ್ತಿದೀನಿ."

ಮೆಲ್ಲಿ ಹೇಳಿದಳು. ಯಂತ್ರದ ಸದ್ದಿನಲ್ಲಿ ಎಷ್ಟು ಕೇಳಿಸಿತೋ, ಎಷ್ಟು ಇಲ್ಲವೋ. ನಡುನಡುವೆ ಅಮ್ಮ ದಿಂಬಿನ ಚೀಲ ಮಡಿಸುತ್ತಲೇ ಇದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಾಳೆಂದು ಮೆಲ್ಲಿಗೆ ಆಮೇಲೆ ಗೊತ್ತಾಯಿತು.

"ಅಂದ್ರೆ, ನಾನು ಎದುರಿಗೆ ನಿಂತಾಗಲೂ... ನಾನು ನಿಜ ಅನ್ಸಲ್ವಾ ನಿನಗೆ?"

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಇದಕ್ಕೆ ಹೆದರಿಯೇ ಮೆಲ್ಲಿ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು. "ಕೆಲವು ಸಲ ಅನ್ಸಲ್ಲಮ್ಮ. ನೀನು ಅಮ್ಮ ಅಂತ ಗೊತ್ತಿರುತ್ತೆ. ಪ್ರೀತೀನೂ ಇರುತ್ತೆ. ಆದ್ರೆ ಪರದೆ ಆಚೆ ಇರೋ ಹಾಗೆ. ಹೇಳಿದ್ರೆ ನೀನು ಅಳ್ತೀಯ ಅಂತ ಹೇಳಲಿಲ್ಲ."

ಅಮ್ಮ ಅಳುತ್ತಲೇ ಇದ್ದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅತ್ತರೆ ಏನೀಗ? ಈ ಅಂಗಡೀಲಿ ಒಣಗಿರೋದು ಏನಿದೆ?" ಎಂದಳು.

ಮೂಲೆಯಿಂದ ಚಿಕ್ಕಮ್ಮ ಮೂಗು ಸೀಟುವ ಸದ್ದು ಬಂತು. "ನಾನು ಬೆನ್ನಿಗೆ ತಟ್ತಿದ್ನಲ್ಲೇ, ಅದಾದ್ರೂ ಗೊತ್ತಾಗ್ತಿತ್ತಾ?"

"ಚೆನ್ನಾಗಿ ಗೊತ್ತಾಗ್ತಿತ್ತು ಚಿಕ್ಕಮ್ಮ."

"ಹಾಗಿದ್ರೆ ಬಿಡಲ್ಲ," ಎಂದಳು ಚಿಕ್ಕಮ್ಮ.

ಅಮ್ಮನ ಕಳವಳ ಒಂದೇ ಸಂಜೆಗೆ ಇಳಿಯಲಿಲ್ಲ. ಕೆಲವು ದಿನ ಅವಳು ಮೆಲ್ಲಿಯನ್ನು ಗಾಜಿನ ಲೋಟದಂತೆ ನೋಡಿಕೊಂಡಳು, ಮೆಟ್ಟಿಲಿಳಿದರೂ ಕೈ ಹಿಡಿಯಬಂದಳು. ಇನ್ನು ಕೆಲವು ದಿನ, ಬೆಳಗ್ಗೆ ಬೇಗ ಎದ್ದು ನಾಲ್ಕು ಹೆಜ್ಜೆ ಓಡಿದರೆ ಎಲ್ಲ ಸರಿಹೋಗುತ್ತದೆ ಎಂದು ರೇಗಿದಳು. ಮೆಲ್ಲಿಯ ಒಪ್ಪಿಗೆಯಿಂದ ಒಂದು ಸಲ ಇಬ್ಬರೂ ಅಕ್ಕನ ಕೋಣೆಗೆ ಹೋದರು. ಏನು ಮಾಡಲಿ ಎಂದು ಅಮ್ಮ ಕೇಳಿದಳು. "ಮನೇಲಿ ಅವಳಿಗಿದ್ದ ಕೆಲಸ ಯಾವುದು?" ಎಂದು ಅಕ್ಕ ಕೇಳಿದರು. ಬಟ್ಟೆಗೆ ಗುರುತಿನ ಚೀಟಿ ಪಿನ್ನು ಹಾಕುವುದು, ಈಗ ಪಾಪ ಎಂದು ಬಿಡಿಸಿದ್ದೇನೆ, ಎಂದಳು ಅಮ್ಮ. "ವಾಪಸ್ ಕೊಟ್ಟುಬಿಡಿ," ಎಂದರು ಅಕ್ಕ.

ಚಳಿಗಾಲ ಮುಗಿಯುವ ಹೊತ್ತಿಗೆ ಅಜ್ಜನ ಹಲ್ಲು ಒಂದು ರೂಪಕ್ಕೆ ಬಂತು. ಗುಲಾಬಿ ಮೇಣದಲ್ಲಿ ಒಂದೊಂದೇ ಹಲ್ಲು ನೆಟ್ಟು, ಬಾಯಿಗಿಟ್ಟು ನೋಡುವ ದಿನ. ಕಚ್ಚುವುದು ಸರಿಯಿದ್ದರೆ ಸಾಲದು, ಮಾತೂ ಸರಿಯಾಗಿ ಹೊರಡಬೇಕು. ಅದಕ್ಕೆ ‘ಸ’ಕಾರದ ಪದಗಳನ್ನು ಹೇಳಿಸಿ ನೋಡುತ್ತಾರೆ.

"ಅಜ್ಜ, ‘ಸ’ ಬರೋ ಪದ ಯಾವುದಾದ್ರೂ ಹೇಳಿ."

ಅಜ್ಜ ಹೊಸ ಹಲ್ಲನ್ನು ನಾಲಿಗೆಯಿಂದ ಸವರಿ, ಬೆನ್ನು ನೆಟ್ಟಗೆ ಮಾಡಿ, ಕ್ಲಿನಿಕ್ಕಿನ ಇಪ್ಪತ್ತು ಕುರ್ಚಿಗಳೂ ತಿರುಗಿ ನೋಡುವಂತೆ ಕೂಗಿದರು. "ಸೇತುವೇ! ಸಂತೇಬೀದೀ! ಸೋಪಿನ ಫ್ಯಾಕ್ಟರೀ! ಆಸ್ಪತ್ರೇ! ಸ್ಮಶಾನಾ, ಇಳೀರಿ ಇಳೀರಿ, ಕೊನೇ ಸ್ಟಾಪು!"

ಕ್ಲಿನಿಕ್ಕೆಲ್ಲ ನಗು. ಮೆಲ್ಲಿ ನಗಲಿಲ್ಲ. ತಲೆ ಓರೆ ಮಾಡಿ ಕೇಳುತ್ತಿದ್ದಳು. "ಇನ್ನೊಂದು ಸಲ ಸಂತೇಬೀದಿ ಅನ್ನಿ." ಅಜ್ಜ ಅಂದರು. ‘ಸ’ದ ತುದಿಯಲ್ಲಿ ಒಂದು ಸಣ್ಣ ಸಿಳ್ಳೆ ಇತ್ತು. ಅವಳು ಹಲ್ಲನ್ನು ಹೊರತೆಗೆದು, ಚಾಕು ಬಿಸಿಮಾಡಿ, ಮುಂದಿನ ಎರಡು ಹಲ್ಲುಗಳನ್ನು ಕೂದಲೆಳೆಯಷ್ಟು ಒಳಕ್ಕೆ ಸರಿಸಿದಳು. ಮೇಣ ಕರಗಿ ಮಿಂಚಿ ಮತ್ತೆ ಗಟ್ಟಿಯಾಯಿತು. ಬೆರಳ ತುದಿಗೆ ಬಿಸಿ ತಾಗಿತು, ತನ್ನ ಬೆರಳಿಗೇ ತಾಗಿತು. ಮತ್ತೆ ಇಟ್ಟು ನೋಡಿದಾಗ ಸಂತೆಬೀದಿ ಸ್ವಚ್ಛವಾಗಿ ಬಂತು. ಅಜ್ಜನೇ ಬೆರಗಾಗಿ ಮತ್ತೆ ಮತ್ತೆ ಹೇಳಿಕೊಂಡರು, ದನಿ ತಗ್ಗಿಸಿ, ಯಾರನ್ನೋ ಕರೆಯುವ ಹಾಗೆ. ಮೇಷ್ಟ್ರು ಬಂದು ಬಾಗಿ ನೋಡಿ, "ಹೂಂ," ಎಂದರು. ಅವರ ‘ಹೂಂ’ಗಾಗಿ ಹುಡುಗರು ವರ್ಷಗಟ್ಟಲೆ ಕಾಯುತ್ತಾರೆ.

ಎಲ್ಲವೂ ಸುಖಾಂತವಾಯಿತೆಂದು ಹೇಳುವುದು ಸರಿಯಲ್ಲ. ಆ ವರ್ಷದ ಒಂದು ಪರೀಕ್ಷೆಯನ್ನು ಮೆಲ್ಲಿ ಬರೆಯಲೇ ಇಲ್ಲ. ಜೊತೆಯವರು ಪದವಿ ಪಡೆದು ಹೊರಟಾಗ ಅವಳಿಗೆ ಇನ್ನೂ ಓದು ಬಾಕಿ ಇರುತ್ತದೆ. ಪರದೆ ಈಗಲೂ ಬೀಳುತ್ತದೆ, ಮುಖ್ಯವಾಗಿ ನಿದ್ದೆ ಕೆಟ್ಟಾಗ, ಜನಜಂಗುಳಿಯಲ್ಲಿ. ಬಿದ್ದರೆ ಬಿತ್ತು ಎನ್ನುವಷ್ಟಕ್ಕೆ ಅವಳು ಬಂದಿದ್ದಾಳೆ. ಅಕ್ಕನ ಭೇಟಿ ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಯಿತು. ಭೇಟಿ ಕಡಿಮೆ ಮಾಡೋಣವೇ ಎಂದು ಅಕ್ಕ ಕೇಳಿದಾಗ ಮೆಲ್ಲಿಗೆ ಭಯವೂ ಆಯಿತು, ಒಂದಿಷ್ಟು ಮುನಿಸೂ ಬಂತು. "ನಿಮಗೆ ನಾನು ಸಾಕಾದ್ನಾ ಅಕ್ಕ?"

"ನನ್ನ ಕೆಲಸಾನೇ ಹಾಗೆ ಕಣೇ. ಚೆನ್ನಾಗಿ ಮಾಡಿದ್ರೆ ಕುರ್ಚಿ ಖಾಲಿ ಆಗುತ್ತೆ," ಎಂದರು ಅಕ್ಕ. ಹೇಳುವಾಗ ಅವರ ಮುಖದಲ್ಲಿಯೂ ಖುಷಿಯೊಂದೇ ಇರಲಿಲ್ಲ.

ರಜೆಯ ಒಂದು ಮಧ್ಯಾಹ್ನ. ಹೋಟೆಲಿನ ಹಾಸಿಗೆ ಬಟ್ಟೆಗಳು ಯಂತ್ರದಿಂದ ಆಗತಾನೆ ಬಂದು ಅಂಗಡಿಯ ಹಿಂಭಾಗದಲ್ಲಿ ಬೆಟ್ಟದಂತೆ ಬಿದ್ದಿದ್ದವು. ಚೀಟಿ ಹಾಕುತ್ತ ಕುಳಿತ ಮೆಲ್ಲಿ ಆ ಬಿಸಿಗೆ ಒರಗಿದಳು, ಒರಗಿದವಳು ನಿದ್ದೆಹೋದಳು. ಕನಸು ಬಿತ್ತು. ಕನಸಿನಲ್ಲಿ ಅಪ್ಪನ ಹಡಗು ಅವರ ಬೀದಿಯಲ್ಲೇ ಬರುತ್ತಿತ್ತು, ಮನೆಗಳ ನಡುವೆ ಮೈ ಸವರಿಕೊಂಡು, ನೀರಿಲ್ಲದೆ, ಮೆಲ್ಲಗೆ. ಎಲ್ಲರೂ ಮಹಡಿಗಳಿಂದ ಕೈ ಬೀಸುತ್ತಿದ್ದರು. ಅಪ್ಪ ಹಡಗಿನ ಅಂಚಿನಲ್ಲಿ ನಿಂತು ಸೌಟು ಎತ್ತಿ ತೋರಿಸುತ್ತಿದ್ದರು. ಹಡಗಿನ ಹಾಯಿಪಟದಿಂದ ಗಂಜಿಯ ವಾಸನೆ ಬರುತ್ತಿತ್ತು.

"ಏಳೇ! ಹೋಟೆಲಿನವರ ಶೀಟಿನ ಮೇಲೆ ಜೊಲ್ಲು ಸುರಿಸಿದೀಯಲ್ಲೇ!"

ಅಮ್ಮ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. ಮೆಲ್ಲಿ ಕಣ್ಣು ಬಿಟ್ಟಳು. ಮೇಲೆ ತಗಡಿನ ಮಾಡು, ಅದರಿಂದ ತೂಗುವ ಬಲ್ಬು, ಅಮ್ಮನ ಕೆಂಪಾದ ಕೈ, ಮೂಗಿನ ಮೇಲಿನ ಬೆವರು. ಆಗ ಇದ್ದದ್ದು ಕನಸು, ಇದು ಅಂಗಡಿ. ಯಾರನ್ನೂ ಕೇಳದೆ, ಯಾವುದನ್ನೂ ಮುಟ್ಟಿ ನೋಡದೆ ಅದು ಗೊತ್ತಾಯಿತು. ಅವಳು ಎದ್ದು ಕುಳಿತು ಬಾಯಿ ತುಂಬ ನಕ್ಕಳು.

"ಏನೇ ಅದು, ಬೈದ್ರೆ ನಗ್ತೀಯ?"

"ಅಪ್ಪ ಬಂದಿದ್ರು ಅಮ್ಮ, ಕನಸಲ್ಲಿ. ಹಡಗು ನಮ್ಮ ಬೀದೀಲೇ ಬಂತು."

"ಬರಲಿ ಬಿಡು, ಕನಸಲ್ಲಾದ್ರೂ," ಎಂದಳು ಅಮ್ಮ. ಆಮೇಲೆ ಪಕ್ಕದಲ್ಲಿ ಕುಳಿತು, ದನಿ ತಗ್ಗಿಸಿ ಕೇಳಿದಳು, "ಎಲ್ಲಿ ನಿಲ್ಲಿಸಿದ್ರು ಅಷ್ಟು ದೊಡ್ಡ ಹಡಗನ್ನ?"